‘ಸಾಕು’ ಅಂದದ್ದು ನಮ್ಮ ತಪ್ಪು

ಓದುಗರೊಬ್ಬರ ಪತ್ರ: ‘ಊದಿದರೆ ಸಾಕು, ಶ್ವಾಸಕೋಶದ ಕ್ಯಾನ್ಸರ್ ಪತ್ತೆ’ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ತಂದೆ ಮೂವತ್ತು ವರ್ಷ ಸಿಗರೇಟು ಸೇದಿದವರು. ಸ್ಕ್ಯಾನ್ ಅಂದರೆ ಹೆದರುತ್ತಾರೆ. ಅದರ ಬದಲು ಈ ಪರೀಕ್ಷೆ ಮಾಡಿಸಬಹುದೇ?

ಸಂಪಾದಕರ ಉತ್ತರ: ಸದ್ಯಕ್ಕೆ ಬೇಡ. ಆ ತಲೆಬರಹದಲ್ಲಿ ‘ಸಾಕು’ ಎಂಬ ಪದ ಬರಲೇಬಾರದಿತ್ತು. ಓದಲು ಚೆನ್ನಾಗಿರಲಿ ಅಂತ ಸೇರಿಸಿದೆವು, ನಿಮ್ಮ ಮನೆಯಲ್ಲಿ ಸುಮ್ನೆ ಆಸೆ ಹುಟ್ಟಿಸಿದೆವು. ಕ್ಷಮಿಸಿ.

ಹಾಗಂತ ಸುದ್ದಿ ಸುಳ್ಳಲ್ಲ, ಉಸಿರಲ್ಲಿ ರೋಗದ ಸುಳಿವು ಸಿಗಬಹುದು. ಸಕ್ಕರೆ ಕಾಯಿಲೆ ಕೈಮೀರಿದಾಗ ಉಸಿರಿಗೆ ಹಣ್ಣಿನಂಥ ವಾಸನೆ ಬರುವುದುಂಟು, ಅದು ಅಸಿಟೋನ್ ಎಂಬ ರಾಸಾಯನಿಕದ್ದು. 1971ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಉಸಿರನ್ನು ತೀರಾ ತಣ್ಣಗಿನ ಕೊಳವೆಯಲ್ಲಿ ಹಿಡಿದಿಟ್ಟು ನೋಡಿದಾಗ ಸುಮಾರು 250 ಬಗೆಯ ವಸ್ತುಗಳು ಸಿಕ್ಕವು. ಗೆಡ್ಡೆ ಬೆಳೆದಾಗ ಜೀವಕೋಶಗಳ ಕೆಲಸದ ರೀತಿ ಬದಲಾಗುತ್ತದೆ, ಅದರ ಗುರುತು ಉಸಿರಲ್ಲೂ ಇರಬೇಕು ಅನ್ನುವುದೇ ಇಲ್ಲಿನ ಲೆಕ್ಕ. 1999ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂಥ 22 ವಸ್ತುಗಳ ಗುಂಪನ್ನು ಗುರುತಿಸಿತ್ತು.

ತೊಂದರೆ ಏನೆಂದರೆ, ಒಂದು ಅಧ್ಯಯನದ ಪಟ್ಟಿ ಇನ್ನೊಂದರ ಜೊತೆ ಸರಿಯಾಗಿ ಹೊಂದುವುದಿಲ್ಲ. ಈ ವಸ್ತುಗಳು ಇರುವುದೇ ನೂರು ಕೋಟಿಯಲ್ಲಿ ಕೆಲವು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಕೊಳವೆಗೆ ಊದುವಾಗ ಮೊದಲು ಬರುವುದು ಬಾಯಿ, ಗಂಟಲಿನ ಗಾಳಿ. ಅದನ್ನು ಬಿಟ್ಟು, ಕೊನೆಗೆ ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು ಹಿಡಿಯಬೇಕು. ಅದರಲ್ಲೂ ಕೋಣೆಯ ಬಣ್ಣದ ವಾಸನೆ, ತಿಂದ ಊಟ, ನುಂಗಿದ ಮಾತ್ರೆ ಎಲ್ಲ ಬೆರೆತಿರುತ್ತದೆ. ಜೊತೆಗೆ ಸಿಗರೇಟಿನ ಹೊಗೆಯಲ್ಲಿರುವ ಬೆಂಜೀನ್ ಎಂಬ ರಾಸಾಯನಿಕ ಬೇರೆ. ಪರೀಕ್ಷೆ ಯಾರಿಗೆ ಜಾಸ್ತಿ ಬೇಕೋ ಅವರ ಉಸಿರೇ ಹೀಗೆ ಕಲಬೆರಕೆ!

ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ಜನರಲ್ಲಿ ಹತ್ತು ಮಂದಿಗೆ ಕ್ಯಾನ್ಸರ್ ಇದೆ ಅಂದುಕೊಳ್ಳಿ. ರೋಗ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 90 ಸಲ ಸರಿ ಹೇಳುವ ಯಂತ್ರ ನಮ್ಮ ಬಳಿ ಇದೆ. ರೋಗ ಇರುವ ಹತ್ತರಲ್ಲಿ ಒಂಬತ್ತು ಮಂದಿಯನ್ನು ಅದು ಹಿಡಿಯುತ್ತದೆ. ಆದರೆ ಏನೂ ಇಲ್ಲದ 990 ಜನರಲ್ಲಿ 99 ಮಂದಿಗೂ ‘ಇದೆ’ ಅಂದುಬಿಡುತ್ತದೆ. ಇನ್ನು ತಪ್ಪಿಸಿಕೊಂಡ ಆ ಹತ್ತನೆಯವರು ‘ಏನೂ ಇಲ್ಲ’ ಅಂತ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ನನಗೆ ಭಯ ಆಗುವುದು ಅವರ ಬಗ್ಗೆಯೇ.

ತಂದೆಯಂಥವರಿಗೆ ಈಗ ಇರುವ ದಾರಿ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್. ಅಮೆರಿಕದಲ್ಲಿ ತುಂಬಾ ಸಿಗರೇಟು ಸೇದಿದ 53,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಎದೆಯ ಎಕ್ಸ್‌ರೇಗೆ ಹೋಲಿಸಿದರೆ ಇದರಿಂದ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ 20ರಷ್ಟು ಕಡಿಮೆಯಾಗಿತ್ತು. ಸುಳ್ಳು ಗಾಬರಿ ಇದರಲ್ಲೂ ಇದೆ, ಇಲ್ಲವೆನ್ನುವುದಿಲ್ಲ. ಅವರ ವಯಸ್ಸಿಗೆ, ಸೇದಿದ ಲೆಕ್ಕಕ್ಕೆ ಇದು ಬೇಕೋ ಬೇಡವೋ ಅಂತ ವೈದ್ಯರನ್ನು ಕೇಳಿ. ಕಫದಲ್ಲಿ ರಕ್ತ ಕಂಡರೆ, ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಮಾತ್ರ ಕಾಯುತ್ತಾ ಕೂರಬೇಡಿ, ಕೂಡಲೇ ತೋರಿಸಿ.

ಸ್ಕ್ಯಾನ್ ಭಯಕ್ಕೆ ಹೀಗೆ ಹೇಳಿ ನೋಡಿ. ಅದು ಉದ್ದನೆಯ ಸುರಂಗವಲ್ಲ, ದಪ್ಪ ಬಳೆಯಂಥ ಯಂತ್ರ. ಈ ಸ್ಕ್ಯಾನ್‌ಗೆ ಸೂಜಿ ಚುಚ್ಚುವುದಿಲ್ಲ. ಮಲಗಿ, ಕೆಲವು ಸೆಕೆಂಡ್ ಉಸಿರು ಬಿಗಿಹಿಡಿದರೆ ಆಯಿತು.