ವರ್ಷಕ್ಕೆ 16 ಲಕ್ಷ ದುಡಿಯುವ ಫ್ರೀಲಾನ್ಸರ್‌ಗೆ ಕಂಪನಿ ಬೇಕಾ?

ಬೆಳಗಾವಿಯ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತೀರಿ. ಬೆಂಗಳೂರು, ಕೊಲ್ಹಾಪುರ, ಅಮೆರಿಕದ ಗ್ರಾಹಕರಿಂದ ವರ್ಷಕ್ಕೆ ಸುಮಾರು 16 ಲಕ್ಷ ಬರುತ್ತದೆ. ತೆರಿಗೆ ಉಳಿಸಲು ಪ್ರೈವೇಟ್ ಲಿಮಿಟೆಡ್ ಮಾಡಬೇಕಾ ಎಂದು ಕೇಳಿದ್ದೀರಿ.

ಬೇಡ. ನಾನೂ ಟಿಳಕವಾಡಿಯಲ್ಲಿ ಇದೇ ಕೆಲಸ ಮಾಡುವವನು, ನನ್ನ ಸ್ವಂತ ಪ್ಯಾನ್ ಮೇಲೆಯೇ ಎಲ್ಲ ವ್ಯವಹಾರ.

ಕಾರಣ ಆದಾಯ ತೆರಿಗೆ ಕಾಯ್ದೆಯ ಕಲಂ 44ಎಡಿಎ. ಐಟಿ, ಎಂಜಿನಿಯರಿಂಗ್, ವಕೀಲಿ, ವೈದ್ಯಕೀಯದಂಥ ವೃತ್ತಿಯವರು ಬಂದ ಹಣದಲ್ಲಿ ಕನಿಷ್ಠ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು. ಉಳಿದರ್ಧಕ್ಕೆ ಖರ್ಚಿನ ರಸೀದಿ ಕೇಳುವುದಿಲ್ಲ. ಮಿತಿ 50 ಲಕ್ಷ. ನಗದು 5% ದಾಟದಿದ್ದರೆ 75 ಲಕ್ಷ. ನಿಮ್ಮ 16 ಲಕ್ಷದಲ್ಲಿ ಆದಾಯ 8 ಲಕ್ಷ ಆಯಿತು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದ ಆದಾಯದವರೆಗೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ. ಬೇರೆ ಆದಾಯ ಇಲ್ಲದಿದ್ದರೆ ನಿಮ್ಮ ತೆರಿಗೆ ಸೊನ್ನೆ! ಇದಕ್ಕಿಂತ ಜಾಸ್ತಿ ಏನು ಉಳಿಸುತ್ತೀರಿ?

ಕಂಪನಿಗೂ ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ) ಈ ಸೌಲಭ್ಯ ಇಲ್ಲ, ರಿಬೇಟೂ ಇಲ್ಲ. ಲಾಭದ ಮೊದಲ ರೂಪಾಯಿಯಿಂದಲೇ ತೆರಿಗೆ. ಕಂಪನಿಗೆ ವ್ಯವಹಾರ ಎಷ್ಟೇ ಸಣ್ಣದಿರಲಿ, ಪ್ರತಿ ವರ್ಷ ಆಡಿಟ್ ಕಡ್ಡಾಯ. ಆರ್‌ಒಸಿಗೆ (ಕಂಪನಿಗಳ ನೋಂದಣಿ ಕಚೇರಿ) ಫಾರ್ಮ್ ತಡವಾದರೆ ಶುಲ್ಕ ದಿನಕ್ಕೆ 100 ರೂಪಾಯಿ ಏರುತ್ತಾ ಹೋಗುತ್ತದೆ. ಕೆಲಸ ನಿಂತರೂ ಕಂಪನಿ ತಾನಾಗಿ ಮುಚ್ಚುವುದಿಲ್ಲ. ಒಬ್ಬರೇ ದುಡಿಯುವವರ ಮೇಲೆ ಈ ಹೊರೆ ಯಾಕೆ ಹೊರಿಸುತ್ತಾರೋ, ನನಗೆ ನಿಜಕ್ಕೂ ಬೇಸರ ಆಗುತ್ತದೆ.

ಪಾಲುದಾರರು ಸೇರಿದಾಗ, ನಾಲ್ಕು ಜನರನ್ನು ಕೆಲಸಕ್ಕೆ ಇಟ್ಟಾಗ, ಹೂಡಿಕೆದಾರರು ಬಂದಾಗ ಕಂಪನಿ ಯೋಚಿಸಿ. ಆಗ ಅದಕ್ಕೆ ಅರ್ಥ ಇದೆ.

ಜಿಎಸ್‌ಟಿ ವಿಷಯದಲ್ಲಿ ಮಾತ್ರ ಎಚ್ಚರ. ನಮ್ಮ ಊರಲ್ಲಿ ರವಿವಾರ ಪೇಟೆಯ ವ್ಯಾಪಾರಿಗಳು, ಉದ್ಯಮಬಾಗದ ಫೌಂಡ್ರಿಯವರು ನೋಂದಣಿಗೆ ವರ್ಷಕ್ಕೆ 40 ಲಕ್ಷದ ಮಿತಿ ಅನ್ನುತ್ತಾರೆ. ಅದು ಸರಕು ಮಾರುವವರಿಗೆ. ಸೇವೆ ಕೊಡುವ ನಮಗೆ 20 ಲಕ್ಷ, ಅಮೆರಿಕದಿಂದ ಬಂದದ್ದೂ ಅದರಲ್ಲಿ ಸೇರುತ್ತದೆ. ನೀವು ಅದಕ್ಕೆ ಹತ್ತಿರದಲ್ಲೇ ಇದ್ದೀರಿ, ಪ್ರತಿ ತಿಂಗಳು ಕೂಡಿಸಿ ನೋಡಿ. ಕೊಲ್ಹಾಪುರ ಬೇರೆ ರಾಜ್ಯ, ಹಾಗಾಗಿ ಈಗಲೇ ನೋಂದಣಿ ಬೇಕು ಎಂದು ಯಾರಾದರೂ ಹೆದರಿಸಬಹುದು. ಸೇವೆಗೆ ಹಾಗಿಲ್ಲ, 20 ಲಕ್ಷದವರೆಗೆ ವಿನಾಯಿತಿ ಇದೆ. ಮಿತಿ ದಾಟಿ ನೋಂದಣಿ ಆದಮೇಲೆ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ವಿದೇಶಿ ಬಿಲ್ಲಿಗೆ ತೆರಿಗೆ ಕಟ್ಟಬೇಕಿಲ್ಲ.

ಬೆಂಗಳೂರಿನ ಕಂಪನಿ ನಿಮ್ಮ ಬಿಲ್ಲಿನಲ್ಲಿ ಸಾಮಾನ್ಯವಾಗಿ 10% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತದೆ. ಆ ಹಣ ನಿಮ್ಮದೇ. ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆ ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಬಂದಿದೆಯಾ ನೋಡಿ, ಐಟಿಆರ್-4 ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ. ತೆರಿಗೆ ಸೊನ್ನೆ ಅಂತ ಸುಮ್ನೆ ಕೂತರೆ ಅದು ಬರುವುದಿಲ್ಲ. ಮುಂದೆ ಆದಾಯ ಏರಿ, ಟಿಡಿಎಸ್ ಕಳೆದು ಕಟ್ಟುವ ತೆರಿಗೆ ಇನ್ನೂ 10,000 ಅಥವಾ ಜಾಸ್ತಿ ಉಳಿದರೆ, ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಿ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಕಲಂ ನಂಬರ್ ಬೇರೆ. ಆಡಿಟರ್ ಹತ್ತಿರ ಹೋದಾಗ ಹಳೆಯ 44ಎಡಿಎ ಎಂದೇ ಹೇಳಿ, ಅವರಿಗೆ ಗೊತ್ತಾಗುತ್ತದೆ.