ಅಡ್ವಾನ್ಸ್ ಯಾರ ಹಣ?

ಬಳ್ಳಾರಿಯ ಗಾಂಧಿನಗರದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರಾಂಶ: ಅವರ ಮಹಡಿ ಮನೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದ ನರ್ಸ್ ಒಬ್ಬರ ಕುಟುಂಬ ಈಚೆಗೆ ಖಾಲಿ ಮಾಡಿತು. ಬಾಡಿಗೆ 9,000, ಅಡ್ವಾನ್ಸ್ 60,000 ರೂಪಾಯಿ. ಅದರಲ್ಲಿ ಬಣ್ಣಕ್ಕೆ 15,000, ಬೋರ್‌ವೆಲ್ ಮೋಟಾರಿನ ರಿವೈಂಡಿಂಗ್‌ಗೆ 4,500, ಎರಡು ನಲ್ಲಿ ಮತ್ತು ಒಡೆದ ಕಿಟಕಿ ಗಾಜಿಗೆ 2,500 ಮುರಿದುಕೊಂಡು ಉಳಿದುದನ್ನು ಕೊಟ್ಟಾಗ, ಆ ತಾಯಿ ವಕೀಲರಿಂದ ನೋಟಿಸ್ ಕೊಡಿಸುವುದಾಗಿ ಹೇಳಿ ಹೋದರಂತೆ. "ಬಾಡಿಗೆದಾರರ ಹಕ್ಕಿನ ಬಗ್ಗೆ ಎಲ್ಲರೂ ಬರೆಯುತ್ತೀರಿ, ಅವರ ಹೊಣೆಯ ಬಗ್ಗೆ ಯಾರು ಬರೆಯುತ್ತಾರೆ?" ಎಂದು ಅವರು ಕೇಳಿದ್ದಾರೆ.

ಮಾನ್ಯ ಮಾಸ್ತರರೇ,

ಒಂದು ರೂಪಾಯಿಯನ್ನೂ ಮುಚ್ಚಿಡದೆ ಲೆಕ್ಕ ಬರೆದಿದ್ದೀರಿ. ಬಣ್ಣದ ಮಾತು ಕರಾರಿನಲ್ಲಿ ಇರಲಿಲ್ಲ ಎಂಬುದನ್ನೂ ನೀವೇ ಹೇಳಿದ್ದೀರಿ. ಆ ಪ್ರಾಮಾಣಿಕತೆಗೆ ನಮಸ್ಕಾರ. ನೀವು ಸಿಕ್ಕಿಬಿದ್ದಿರುವುದೂ ಅದರಿಂದಲೇ.

ಮೊದಲು ಹೊಣೆಯ ವಿಚಾರ. ತಿಂಗಳ ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಮನೆಯನ್ನು ಕೆಡಿಸದಿರುವುದು, ಬಿಡುವ ಮುಂಚೆ ತಿಳಿಸುವುದು, ಬಿಟ್ಟ ಮೇಲೆ ಬೀಗದ ಕೈ ಒಪ್ಪಿಸುವುದು ಬಾಡಿಗೆದಾರರ ಕರ್ತವ್ಯ. ಪಿಂಚಣಿಯ ಗಂಟನ್ನು ಇಟ್ಟಿಗೆ ಸಿಮೆಂಟಿಗೆ ಸುರಿದವರಿಗೆ ಬಾಡಿಗೆ ಬಾಕಿ ಉಳಿದರೆ ಆಗುವ ಸಂಕಟ ನನಗೆ ಗೊತ್ತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ ಎಂಬುದೂ ಸುಳ್ಳಲ್ಲ. ಆದರೆ ನಿಮ್ಮ ಮನೆಯಲ್ಲಿದ್ದವರು ನಾಲ್ಕು ವರ್ಷದಲ್ಲಿ ಒಂದು ತಿಂಗಳೂ ಬಾಕಿ ಇಟ್ಟಿಲ್ಲವೆಂದು ನಿಮ್ಮ ಪತ್ರವೇ ಹೇಳುತ್ತದೆ.

ಹಾಗಾದರೆ ಬಣ್ಣ ಯಾರದು? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು, ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎನ್ನುವಾಗಲೇ, ಸಹಜ ಬಳಕೆಯ ಸವೆತವನ್ನು ಅದರಿಂದ ಹೊರಗಿಡುತ್ತದೆ. ಬಳ್ಳಾರಿಯ ಬಿಸಿಲಿಗೆ ನಾಲ್ಕು ವರ್ಷದಲ್ಲಿ ಡಿಸ್ಟೆಂಪರ್ ಮಂಕಾಗುವುದು, ದೇವರ ಗೂಡಿನ ಮೇಲೆ ದೀಪದ ಹೊಗೆಯ ಕಪ್ಪು ಕೂರುವುದು, ಕ್ಯಾಲೆಂಡರ್ ಮೊಳೆಯ ಸುತ್ತ ಗಾರೆ ಉದುರುವುದು ಸವೆತವಲ್ಲದೆ ಮತ್ತೇನು? ಮಾಲೀಕರೇ ಆ ಮನೆಯಲ್ಲಿದ್ದಿದ್ದರೆ ದೀಪ ಹಚ್ಚುತ್ತಿರಲಿಲ್ಲವೆ? 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಂತೂ ಇದನ್ನು ಬಿಡಿಸಿಯೇ ಬರೆದಿದೆ: ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ನೀರಿನ ಪೈಪು, ವಿದ್ಯುತ್ ವೈರಿಂಗ್ ಮಾಲೀಕರ ಪಾಲಿಗೆ, ಸ್ವಿಚ್ಚು, ನಲ್ಲಿಯ ವಾಷರ್, ಕಿಟಕಿಯ ಗಾಜು ಬಾಡಿಗೆದಾರರ ಪಾಲಿಗೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದೂ ಅದರಲ್ಲಿದೆ. ನೀವು ಪಡೆದದ್ದು ಆರು ತಿಂಗಳದ್ದಕ್ಕೂ ಮೇಲೆ. ಅದು ಮಾದರಿ ಮಾತ್ರ, ರಾಜ್ಯವೊಂದು ತನ್ನ ಕಾನೂನಾಗಿ ಮಾಡಿಕೊಂಡಾಗಲೇ ಅದಕ್ಕೆ ಬಲ, ಒಪ್ಪುತ್ತೇನೆ. ಆದರೂ ನ್ಯಾಯ ಯಾವುದೆಂದು ತಿಳಿಯಲು ಮಾದರಿಯಾದರೂ ಸಾಲದೆ?

ಅಡ್ವಾನ್ಸ್ ಕೈಗೆ ಬಂದ ದಿನದಿಂದ ಅದು ತಮ್ಮದೇ ಹಣವೆಂದು ನಮ್ಮ ಮಾಲೀಕರು ಭಾವಿಸುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಅದು ಬಾಡಿಗೆದಾರರ ಹಣ, ಮಾಲೀಕರ ಬಳಿ ಇಟ್ಟದ್ದು. ನಾಲ್ಕು ವರ್ಷ ಬಡ್ಡಿಯಿಲ್ಲದೆ 60,000 ರೂಪಾಯಿ ಇಟ್ಟುಕೊಂಡವರು ಕೊನೆಯ ದಿನ ಪೇಂಟರ್ ಹೇಳಿದ ಅಂದಾಜನ್ನೇ ಬಿಲ್ಲೆಂದು ತೋರಿಸುವುದು ಯಾವ ಸೀಮೆಯ ಲೆಕ್ಕ?

ಮಾಲೀಕರ ಅಂಜಿಕೆಗೂ ಒಂದು ಇತಿಹಾಸವಿದೆ. 1953ರ ತನಕ ಮದ್ರಾಸಿಗೆ ಸೇರಿದ್ದ ಬಳ್ಳಾರಿಗೆ 1949ರ ಮದ್ರಾಸ್ ಬಾಡಿಗೆ ಕಾಯ್ದೆಯಿತ್ತು. ಆಗ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು, ಕೊಪ್ಪಳಗಳಿಗೆ 1954ರ ಬೇರೊಂದು. ಇಡೀ ರಾಜ್ಯಕ್ಕೆ 1961ರಲ್ಲಿ ಬಂದ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಪೇಟೆಯ ಮನೆಗಳು ಪುಡಿಗಾಸಿನ ಬಾಡಿಗೆಗೆ ತಲೆಮಾರುಗಟ್ಟಲೆ ಸಿಕ್ಕಿಬಿದ್ದ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆದರೆ ಆ ಕಾಲ ಮುಗಿದಿದೆ. 2001ರ ಕೊನೆಯ ದಿನ ಜಾರಿಗೆ ಬಂದ ಹೊಸ ಬಾಡಿಗೆ ಕಾಯ್ದೆ, ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಯನ್ನು ಯಾವ ಊರಿನಲ್ಲೂ ಮುಟ್ಟುವುದಿಲ್ಲ. ನಿಮ್ಮ ಮನೆಯಂಥದ್ದಕ್ಕೆ ಉಳಿದಿರುವುದು 1882ರ ಕಾಯ್ದೆ. ಅದರಂತೆ ತಿಂಗಳ ಬಾಡಿಗೆಯ ಕರಾರನ್ನು ಕೊನೆಗೊಳಿಸಲು 15 ದಿನದ ನೋಟಿಸ್ ಸಾಕು. ಅಂಜಬೇಕಾದವರು ಈಗ ಯಾರು, ನೀವೇ ಹೇಳಿ.

ಆ 15 ದಿನಕ್ಕೂ ಕಾಯದವರಿದ್ದಾರೆ. ಕೌಲ್ ಬಜಾರ್ ಕಡೆಯ ನನ್ನ ಪರಿಚಯದ ಲಾರಿ ಚಾಲಕರ ಕುಟುಂಬ ಉಗಾದಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ, ಅವರ ಬೀಗದ ಮೇಲೆ ಓನರ್ ಮತ್ತೊಂದು ಬೀಗ ಜಡಿದಿದ್ದರು. ಎರಡು ತಿಂಗಳ ಬಾಡಿಗೆ ನಿಂತದ್ದು ನಿಜ. ಆದರೆ ಮಗಳ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಒಳಗೇ ಇತ್ತು. ಓಣಿಯ ಹಿರಿಯರು ಸೇರಿ ಬೀಗ ತೆಗೆಸಿದರು. ಹೀಗೆ ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು ಆ ಚಾಲಕರಿಗೆ ತಿಳಿದಿರಲಿಲ್ಲ. ಓನರಿಗೂ ತಿಳಿದಿದ್ದಂತೆ ಕಾಣಲಿಲ್ಲ.

ಮನೆ ಕೇಳಲು ಹೋದವರ ಪಾಡನ್ನಂತೂ ಹೇಳುವುದೇ ಬೇಡ. ಬಾಡಿಗೆ ಎಷ್ಟೆಂದು ಇವರು ಕೇಳುವ ಮುಂಚೆಯೇ "ನೀವು ಯಾವ ಪೈಕಿ?" ಎಂಬ ಪ್ರಶ್ನೆ ಎದುರಾಗುತ್ತದೆ. ತೋರಣಗಲ್ಲಿನ ಕಾರ್ಖಾನೆಗೆ ದುಡಿಯಲು ಬಂದವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಹೆಣ್ಣುಮಕ್ಕಳು ತಮ್ಮ ಜಾತಿ, ಊಟ, ಬಂದುಹೋಗುವವರ ಪಟ್ಟಿಯನ್ನೆಲ್ಲ ಗೇಟಿನ ಬಳಿಯೇ ಒಪ್ಪಿಸಬೇಕು. ಗೃಹಜ್ಯೋತಿಯ ಉಚಿತ ವಿದ್ಯುತ್ ಬಾಡಿಗೆ ಮನೆಗೂ ಉಂಟೆಂದು ಸರ್ಕಾರ ಹೇಳಿದ ಮೇಲೂ, ಅದಕ್ಕೆ ಬೇಕಾದ ಜೆಸ್ಕಾಂ ವಿದ್ಯುತ್ ಬಿಲ್ಲಿನ ಆರ್‌ಆರ್ ನಂಬರ್ ಕೊಡಲು ಹಿಂದೆಮುಂದೆ ನೋಡುವ ಮಾಲೀಕರಿದ್ದಾರೆ. ಬಾಡಿಗೆಗೆ ರಶೀದಿ ಕೇಳಿದರೆ "ನಮ್ಮ ಮೇಲೆ ನಂಬಿಕೆ ಇಲ್ಲವೆ?" ಎಂದು ಮುಖ ಗಂಟಿಕ್ಕುತ್ತಾರೆ. ನಂಬಿಕೆಯಿದ್ದರೆ ರಶೀದಿ ಬರೆಯಲು ಕೈ ಏಕೆ ತಡೆಯಬೇಕೋ!

ನಿಮ್ಮನ್ನು ಆ ಸಾಲಿಗೆ ಸೇರಿಸುತ್ತಿಲ್ಲ, ಮಾಸ್ತರರೇ. ನರ್ಸ್ ಬಾಯಿಯವರ ಮಗುವಿಗೆ ಮಗ್ಗಿ ಕಲಿಸಿದ್ದನ್ನು ನೀವೇ ಬರೆದಿದ್ದೀರಿ. ಗಾಜು ಮತ್ತು ನಲ್ಲಿಯ 2,500ಕ್ಕೆ ಅಂಗಡಿಯ ಬಿಲ್ಲಿದ್ದರೆ ಅದನ್ನು ಹಿಡಿದುಕೊಳ್ಳಿ, ಪ್ರತಿಯನ್ನು ಅವರಿಗೆ ಕೊಡಿ. ಮೋಟಾರು ನಿಮ್ಮದು, ಅವರು ಹೋದ ಮೇಲೂ ನಿಮ್ಮ ಮನೆಗೇ ನೀರೆತ್ತುತ್ತದೆ. ಬಣ್ಣದ್ದೂ ಮೋಟಾರಿನದೂ ಸೇರಿ 19,500 ರೂಪಾಯಿಯನ್ನು ಅವರು ನೋಟಿಸ್ ಕಳಿಸುವ ಮುಂಚೆಯೇ ಹಿಂದಿರುಗಿಸಿ. ಹೊಸಬರು ಬರುವಾಗ ನಲ್ಲಿ, ಫ್ಯಾನು, ಗಾಜು, ಗೋಡೆ ಯಾವ ಸ್ಥಿತಿಯಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

— ಸಂಪಾದಕ