‘ಲಿವರ್ ಕ್ಯಾನ್ಸರ್’ ಎಂದು ಹುಡುಕಿದ ಐದು ವಾರ

(ಗುರುತು ಸಿಗದಂತೆ ವಯಸ್ಸು, ಮನೆಯವರ ವಿವರ ಮತ್ತು ಕೆಲವು ಸಂದರ್ಭಗಳನ್ನು ಬದಲಿಸಿದೆ.)

ಆಸ್ಪತ್ರೆಯ ವಾರ್ಡಿನಿಂದ ಆಪ್ತಸಲಹೆಗೆಂದು ಬಂದ ಚೀಟಿಯಲ್ಲಿ ಎರಡೇ ಸಾಲು ಇದ್ದವು. ‘ರೋಗಿ ಮಾತು ಬಿಟ್ಟಿದ್ದಾರೆ, ಖಿನ್ನತೆಯೇ ನೋಡಿ. ಮಗಳು ಸದಾ ಇಂಟರ್ನೆಟ್ಟಿನಲ್ಲಿ ಹುಡುಕುತ್ತಿರುತ್ತಾರೆ, ನಿಲ್ಲಿಸಲು ಹೇಳಿ.’

ಎರಡನೆಯ ಸಾಲನ್ನು ಪಾಲಿಸಲಿಲ್ಲ. ಹುಡುಕಬೇಡಿ ಎಂದರೆ ಯಾರೂ ನಿಲ್ಲಿಸುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಕುತ್ತಾರೆ, ಸಿಕ್ಕಿದ್ದನ್ನು ಡಾಕ್ಟರಿಗೆ ತೋರಿಸಲು ಹೆದರುತ್ತಾರೆ, ತಪ್ಪು ತಿಳಿವಳಿಕೆ ತಿದ್ದುವವರಿಲ್ಲದೆ ಬೆಳೆಯುತ್ತದೆ. ಇದೇ ತಪ್ಪು ಬೇರೆ ಬೇರೆ ಮನೆಗಳಲ್ಲಿ ಮತ್ತೆ ಮತ್ತೆ ಕಾಣುತ್ತಿರುವುದರಿಂದ ಈ ಪ್ರಕರಣವನ್ನು ಬರೆಯಬೇಕಾಯಿತು.

ತಂದೆಗೆ 58, ಮಗಳಿಗೆ 34. ರೋಗ ನಾಲ್ಕನೇ ಹಂತದಲ್ಲಿ ಪತ್ತೆಯಾಗಿ ಐದು ವಾರ, ಕೀಮೋ ಎರಡು ಸುತ್ತು ಆಗಿತ್ತು. ತಮಗೆ ಕ್ಯಾನ್ಸರ್ ಇದೆಯೆಂದು ತಂದೆಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಮೊದಲ ದಿನ ಮಗಳು ಒಬ್ಬರೇ ಬಂದರು, ಕೈಯಲ್ಲಿ ದಪ್ಪ ಫೈಲು. ಮುದ್ರಿಸಿಕೊಂಡ ಹಾಳೆಗಳ ತುಂಬ ಹಳದಿ ಗೆರೆ. ಅವರ ದೂರು ಮೂರು. ಈ ರೋಗಕ್ಕೆ ಎಲ್ಲೂ ಹೇಳದ ಔಷಧಿಯನ್ನು ಡಾಕ್ಟರ್ ಕೊಡುತ್ತಿದ್ದಾರೆ. ಎಲ್ಲ ಕಡೆ ಎಎಫ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಿ ಎಂದು ಬರೆದಿದೆ, ಇವರು ಸಿಇಎ ಮಾಡಿಸುತ್ತಿದ್ದಾರೆ. ಅಪ್ಪ ಎರಡು ವಾರದಿಂದ ತನ್ನ ಜೊತೆ ಮಾತಾಡುತ್ತಿಲ್ಲ.

ಔಷಧಿ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ಓದಿದ ಯಾವ ಪುಟದಲ್ಲೂ ಕೊಡುತ್ತಿರುವ ಔಷಧಿಯ ಹೆಸರಿಲ್ಲ ಅಂದರೆ ಎರಡರಲ್ಲಿ ಒಂದು ತಪ್ಪಿರಬೇಕು, ಔಷಧಿ ಇಲ್ಲವೇ ಪುಟ. ಹುಡುಕುವಾಗ ಏನೆಂದು ಟೈಪ್ ಮಾಡುತ್ತೀರಿ ಎಂದು ಕೇಳಿದೆ. ‘ಲಿವರ್ ಕ್ಯಾನ್ಸರ್ ಸ್ಟೇಜ್ ಫೋರ್’ ಎಂದರು. ಆ ಹೆಸರು ಎಲ್ಲಿಂದ ಸಿಕ್ಕಿತು ಎಂದರೆ, ‘ರಿಪೋರ್ಟಿನಲ್ಲೇ ಇದೆಯಲ್ಲ’ ಎಂದರು. ಮುಂದಿನ ಸಲ ತಂದೆಯನ್ನೂ ಆ ರಿಪೋರ್ಟನ್ನೂ ಕರೆದುಕೊಂಡು ಬನ್ನಿ ಎಂದು ಕಳಿಸಿದೆ.

ಎರಡನೆಯ ಭೇಟಿಯಲ್ಲಿ ಮೊದಲು ತಂದೆಯನ್ನೇ ಕೇಳಿದೆ. ಕಾಯಿಲೆಯ ವಿಷಯ ಪೂರ್ತಿ ತಿಳಿಯಬೇಕಾ, ಮುಖ್ಯವಾದದ್ದಷ್ಟೇ ಸಾಕಾ, ಇಲ್ಲ ಎಲ್ಲವನ್ನೂ ಮಗಳಿಗೇ ಹೇಳಿದರೆ ಆಗುತ್ತದಾ? ಮೂರೂ ಸರಿಯಾದ ಉತ್ತರಗಳೇ, ಯಾವಾಗ ಬೇಕಾದರೂ ಬದಲಿಸಬಹುದು ಎಂದೂ ಹೇಳಿದೆ. ರೋಗಿಯ ಎದುರು ರಿಪೋರ್ಟ್ ತೆಗೆಯುವುದು ಕ್ರೌರ್ಯ ಎನ್ನುವವರಿದ್ದಾರೆ. ಕೇಳದೆ ತೆಗೆದರೆ ಕ್ರೌರ್ಯವೇ, ಕೇಳದೆ ಮುಚ್ಚಿಟ್ಟರೂ ಅಷ್ಟೇ. ಅವರು ಬಾಯಿ ಪೂರ್ತಿ ತೆರೆಯದೆ, ‘ಓದಲಿ, ಕೇಳ್ತೀನಿ’ ಎಂದರು.

ಮಗಳು ಬಯಾಪ್ಸಿ ರಿಪೋರ್ಟ್ ಓದತೊಡಗಿದರು. ಮೇಲ್ಗಡೆ ‘ಸ್ಪೆಸಿಮನ್: ಲಿವರ್, ಕೋರ್ ಬಯಾಪ್ಸಿ’. ‘ನೋಡಿ, ಲಿವರ್’ ಎಂದರು. ಅದು ಸೂಜಿ ಚುಚ್ಚಿ ತುಣುಕು ತೆಗೆದ ಜಾಗದ ಹೆಸರು, ರೋಗದ ಹೆಸರಲ್ಲ, ಕೆಳಗೆ ‘ಡಯಾಗ್ನೋಸಿಸ್’ ಅಥವಾ ‘ಇಂಪ್ರೆಷನ್’ ಎಂಬಲ್ಲಿಗೆ ಹೋಗಿ ಎಂದೆ. ಅಲ್ಲಿದ್ದದ್ದು: ‘ಮೆಟಾಸ್ಟಾಟಿಕ್ ಅಡಿನೋಕಾರ್ಸಿನೋಮ, ಕೊಲೊರೆಕ್ಟಲ್ ಪ್ರೈಮರಿ’. ಅದರ ಕೆಳಗೆ ಸಿಕೆ20 ಪಾಸಿಟಿವ್, ಸಿಡಿಎಕ್ಸ್2 ಪಾಸಿಟಿವ್, ಸಿಕೆ7 ನೆಗೆಟಿವ್ ಎಂಬ ಸಾಲು. ಜೀವಕೋಶ ಮೂಲತಃ ಯಾವ ಅಂಗದ್ದು ಎಂದು ಗುರುತಿಸಲು ಲ್ಯಾಬ್ ಹಾಕುವ ಬಣ್ಣಗಳು ಅವು.

ಪದಗಳ ಸಾಮಾನ್ಯ ಅರ್ಥವನ್ನಷ್ಟೇ ಹೇಳಿದೆ. ಮೆಟಾಸ್ಟಾಟಿಕ್ ಎಂದರೆ ಬೇರೆಡೆಯಿಂದ ಹರಡಿ ಬಂದದ್ದು. ಅಡಿನೋಕಾರ್ಸಿನೋಮ ಎಂದರೆ ಗ್ರಂಥಿಯಂಥ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಕೊಲೊರೆಕ್ಟಲ್ ಎಂದರೆ ದೊಡ್ಡ ಕರುಳು ಮತ್ತು ಗುದನಾಳ. ಪ್ರೈಮರಿ ಎಂದರೆ ಹುಟ್ಟಿದ ಜಾಗ. ಕ್ಯಾನ್ಸರ್ ಎಲ್ಲಿಗೇ ಹೋಗಲಿ, ಹುಟ್ಟಿದ ಜಾಗದ ಹೆಸರನ್ನೇ ಇಟ್ಟುಕೊಳ್ಳುತ್ತದೆ, ಔಷಧಿಯೂ ಸಾಮಾನ್ಯವಾಗಿ ಆ ಹುಟ್ಟಿನ ಮೇಲೆಯೇ ತೀರ್ಮಾನವಾಗುತ್ತದೆ. ಕರುಳಿನದು ಲಿವರಿಗೆ ಹೋದರೆ ಅದು ಲಿವರಿನಲ್ಲಿರುವ ಕರುಳಿನ ಕ್ಯಾನ್ಸರ್. ಎಎಫ್‌ಪಿ ನೋಡುವುದು ಲಿವರಿನಲ್ಲೇ ಹುಟ್ಟಿದ್ದಕ್ಕೆ, ಸಿಇಎ ಕರುಳಿನದಕ್ಕೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಂದೆ ಮಗಳ ಕಡೆ ತಿರುಗಿ ಕೇಳಿದರು: ‘ಹಂಗಾದ್ರೆ ಆವತ್ತು ನೀನು, ಅಪ್ಪಾ ನೀವು ಯಾವಾಗ್ಲಾದ್ರೂ ಕುಡೀತಿದ್ರಾ ಅಂತ ಕೇಳಿದ್ದು ಇದಕ್ಕಾ?’

ಅವರು ಎಂದೂ ಕುಡಿದವರಲ್ಲ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿನ ಪುಟಗಳಲ್ಲಿ ಕಾರಣಗಳ ಪಟ್ಟಿಯೊಳಗೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯಪಾನ ಮೇಲೆಯೇ ಇರುತ್ತವೆ. ಮಗಳು ಅದನ್ನು ಓದಿ, ತಾಯಿಯಿಲ್ಲದ ಹೊತ್ತು ನೋಡಿ, ಮೆಲ್ಲಗೆ ಕೇಳಿದ್ದರು. ಕೇಳಿದ್ದು ರೋಗದ ಕಾರಣ ತಿಳಿಯಲಿ ಎಂದು. ತಂದೆಗೆ ಕೇಳಿಸಿದ್ದು, ಇಷ್ಟು ವರ್ಷ ಮುಚ್ಚುಮರೆಯಲ್ಲಿ ಬದುಕಿದವನು ನೀನು ಎಂದು. ಆವತ್ತಿನಿಂದ ಮಾತು ನಿಂತಿತ್ತು. ಮಗಳು ಅಳುತ್ತಾ, ‘ನಾನು ಓದಿದ್ದರಲ್ಲಿ ಹಂಗಿತ್ತು ಅಪ್ಪಾ’ ಎಂದಾಗ ಅವರು, ‘ನಿನ್ನ ಓದು ಹಾಳಾಗ’ ಎಂದರು. ಬೈಗುಳವೇ, ಆದರೆ ಎರಡು ವಾರದ ಮೌನ ಮುರಿದಿತ್ತು.

ಖಿನ್ನತೆಯ ಪ್ರಶ್ನೆಯನ್ನು ಅಲ್ಲಿಗೇ ಕೈಬಿಡಲಿಲ್ಲ. ಸೊನ್ನೆಯಿಂದ ಹತ್ತರವರೆಗಿನ ಸಂಕಟಮಾಪಕದಲ್ಲಿ ಕಳೆದ ಒಂದು ವಾರದ ಅಂಕ ಕೇಳುವುದು ವಾಡಿಕೆ. ನಾಲ್ಕು ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕು. ಅವರು ಆರು ಕೊಟ್ಟರು. ಕಾರಣ ಕೇಳಿದಾಗ ಮೊದಲು ತೋರಿಸಿದ್ದು ಬಾಯಿಯನ್ನು, ಒಳಗೆಲ್ಲ ಹುಣ್ಣು. ಮಾತು ಕಡಿಮೆಯಾದ ರೋಗಿಗೆ ಮನಸ್ಸಿನ ಪ್ರಶ್ನೆ ಕೇಳುವ ಮೊದಲು ಬಾಯಿ, ಗಂಟಲು, ನಿದ್ದೆ, ನೋವು ವಿಚಾರಿಸಬೇಕು. ಚೀಟಿ ಬರೆದವರು ಅದನ್ನು ವಿಚಾರಿಸಿದಂತಿರಲಿಲ್ಲ.

ಹುಣ್ಣಿನ ದಾರಿ ಹಿಡಿದು ಹೋದರೆ ಇನ್ನೊಂದು ಹೊರಬಂತು. ಮಗಳು ಸೇರಿದ್ದು ಲಿವರ್ ಕ್ಯಾನ್ಸರ್ ಕುಟುಂಬಗಳ ವಾಟ್ಸಾಪ್ ಗುಂಪು. ಅಲ್ಲಿ ಯಾರೋ ‘ಸುಸ್ತಿಗೆ ಒಳ್ಳೆಯದು’ ಎಂದ ಮೇಲೆ ಫೋಲಿಕ್ ಆ್ಯಸಿಡ್ ಮಾತ್ರೆ ತಂದು ದಿನಾ ಕೊಡುತ್ತಿದ್ದರು. ತಂದೆ ನುಂಗುತ್ತಿದ್ದ ಕೀಮೋ ಮಾತ್ರೆ ಕ್ಯಾಪೆಸಿಟಾಬಿನ್. ಅದು ದೇಹದೊಳಗೆ 5-ಎಫ್‌ಯು ಎಂಬ ಕೀಮೋ ಔಷಧಿಯಾಗಿ ಬದಲಾಗುತ್ತದೆ, ಫೋಲಿಕ್ ಆ್ಯಸಿಡ್ ಅದರ ಹಿಡಿತವನ್ನು ಬಿಗಿ ಮಾಡುತ್ತದೆ. ಫಲ, ಬಾಯಿಹುಣ್ಣು, ಭೇದಿ, ಅಂಗೈ ಅಂಗಾಲು ಉರಿದು ಸುಲಿಯುವುದು ಹೆಚ್ಚಾಗಬಹುದು. ಕ್ಯಾಪೆಸಿಟಾಬಿನ್ ಒಂದರಿಂದಲೇ ಹುಣ್ಣಾಗುವುದೂ ಉಂಟು, ಹಾಗಾಗಿ ಫೋಲಿಕ್ ಆ್ಯಸಿಡಿನದೇ ತಪ್ಪು ಎನ್ನಲಾಗದು. ಅದರ ಡಬ್ಬಿಯನ್ನು ಆ ಗಳಿಗೆಯಲ್ಲೇ ಕೀಮೋ ನರ್ಸಿಗೆ ತೋರಿಸಿ ಎಂದು ಕಳಿಸಿದೆ. ಡಾಕ್ಟರ್ ಅದನ್ನು ನಿಲ್ಲಿಸಿದರು, ಕೀಮೋ ಮಾತ್ರೆಗೂ ಕೆಲವು ದಿನ ಬಿಡುವು ಕೊಟ್ಟರು. ವಿಟಮಿನ್ ಆಗಲಿ ಬೇರುನಾರಾಗಲಿ, ಅಮೆರಿಕದ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ‘ಅಬೌಟ್ ಹರ್ಬ್ಸ್’ ಎಂಬ ಉಚಿತ ಮಾಹಿತಿಕೋಶದಲ್ಲಿ ಹೆಸರು ಹಾಕಿ ನೋಡಬಹುದು. ನೋಡಿದ ಮೇಲೂ ಡಬ್ಬಿ ನರ್ಸಿನ ಕೈಗೆ ಹೋಗಲೇಬೇಕು.

ಮಗಳಿಗೆ ಕೊಟ್ಟ ಸಲಹೆ ಇದು. ಹುಡುಕಾಟ ಮುಂದುವರಿಸಿ, ಆದರೆ ಮೊದಲು ಒಂದು ಹಾಳೆ ತುಂಬಿಸಿ. ಅದು ತುಂಬುವವರೆಗೆ ಫೋನ್ ಮುಟ್ಟಬೇಡಿ.

ಹಾಳೆಯಲ್ಲಿ ಆರು ವಿಷಯ. ಹುಟ್ಟಿದ ಜಾಗ. ಜೀವಕೋಶದ ಬಗೆ. ಹಂತ, ಅದನ್ನು ಯಾವ ಪರೀಕ್ಷೆಯಿಂದ ನಿರ್ಧರಿಸಿದರು. ಗಡ್ಡೆಯ ಮೇಲೆ ಮಾಡಿದ ವಿಶೇಷ ಪರೀಕ್ಷೆಗಳು, ಇವರ ರೋಗಕ್ಕಾದರೆ ಆರ್‌ಎಎಸ್, ಬಿಆರ್‌ಎಎಫ್ ಎಂಬ ಜೀನ್‌ಗಳು, ಡಿಎನ್‌ಎಯ ತಪ್ಪು ತಿದ್ದುವ ಎಂಎಂಆರ್ ಪ್ರೋಟೀನುಗಳು. ಸ್ತನದ್ದಾದರೆ ಇಆರ್, ಪಿಆರ್ ಎಂಬ ಹಾರ್ಮೋನ್ ಗ್ರಾಹಕಗಳು, ಹರ್2 ಎಂಬ ಪ್ರೋಟೀನು. ಚಿಕಿತ್ಸೆಯ ಉದ್ದೇಶ: ಗುಣಪಡಿಸುವುದಾ, ಹಿಡಿದಿಡುವುದಾ, ನೋವು ಕಡಿಮೆ ಮಾಡುವುದಾ. ಕೊನೆಯದು ರಾತ್ರಿ ಎರಡು ಗಂಟೆಗೂ ಎತ್ತುವ ಫೋನ್ ನಂಬರ್, ಏಕೆಂದರೆ ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಿನವರೆಗೆ ಕಾಯುವಂತಿಲ್ಲ. ಐದನೆಯದನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ, ಡಾಕ್ಟರೂ ತಾವಾಗಿ ಹೇಳುವುದು ಕಡಿಮೆ. ಕೇಳದೆ ಹೋದರೆ ಓದಿದ ಪ್ರತಿ ಪುಟವನ್ನೂ ತಪ್ಪು ಅಳತೆಯಲ್ಲಿ ಓದುತ್ತೀರಿ.

ಹಾಳೆ ತುಂಬಿದ ಮೇಲೆ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ‘ಪಿಡಿಕ್ಯು’ ಸಾರಾಂಶದಿಂದ ಶುರು ಮಾಡಿ. ಒಂದೊಂದು ರೋಗಕ್ಕೂ ರೋಗಿಗಳಿಗೊಂದು, ವೈದ್ಯರಿಗೊಂದು ಆವೃತ್ತಿಯಿದೆ, ಪರಿಷ್ಕರಿಸಿದ ದಿನಾಂಕವೂ ಇರುತ್ತದೆ. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಹೋಗಬೇಡಿ. ಡಾಕ್ಟರಿಗೆ ಏನು ಕೇಳಬೇಕೆಂಬ ಪಟ್ಟಿ ಬೇಕಿದ್ದರೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಪುಟಗಳು ಒಳ್ಳೆಯವು. ಕೆಲಸ, ಮಕ್ಕಳಿಗೆ ಹೇಳುವ ಬಗೆ, ಆರೈಕೆ ಮಾಡುವವರ ದಣಿವು ಇಂಥದ್ದಕ್ಕೆ ಬ್ರಿಟನ್ನಿನ ಮ್ಯಾಕ್‌ಮಿಲನ್ ಸಂಸ್ಥೆಯದು. ಅಲ್ಲಿನ ಹಣದ ಮಾಹಿತಿ ಆ ದೇಶದ್ದು, ಅದನ್ನು ಬಿಡಿ. ಹಣದ ಮಾತಿಗೆ ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರೇ ಸರಿ, ಅವರನ್ನು ಚಿಕಿತ್ಸೆ ಮುಗಿಯುವ ಹೊತ್ತಿಗಲ್ಲ, ಮೊದಲ ವಾರದಲ್ಲೇ ನೋಡಬೇಕು.

ಯಂತ್ರಾನುವಾದದಲ್ಲಿ ಓದುವವರು ಕೆಲವು ಪದಗಳ ಮುಂದೆ ನಿಲ್ಲಬೇಕು. ‘ನೋಡ್ ಪಾಸಿಟಿವ್’ ಒಳ್ಳೆಯ ಸುದ್ದಿಯಲ್ಲ, ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ರೋಗವಿದೆ ಎಂದು. ‘ಮಾರ್ಜಿನ್ ನೆಗೆಟಿವ್’ ಒಳ್ಳೆಯದು, ಕತ್ತರಿಸಿದ ಅಂಚಿನಲ್ಲಿ ರೋಗ ಕಂಡಿಲ್ಲ. ‘ಪ್ರೊಗ್ರೆಶನ್’ ಅನ್ನು ಪ್ರಗತಿ ಎಂದು ಓದಿ ಖುಷಿಪಟ್ಟ ಮನೆಗಳಿವೆ, ಅಲ್ಲಿ ಪ್ರಗತಿ ಕಂಡದ್ದು ರೋಗ. ‘ಕಂಪ್ಲೀಟ್ ರೆಸ್ಪಾನ್ಸ್’ ಎಂದರೆ ಪರೀಕ್ಷೆಯಲ್ಲಿ ರೋಗ ಕಾಣುತ್ತಿಲ್ಲ, ಅದಕ್ಕೆ ಪೂರ್ತಿ ಗುಣವಾಗಿದೆ ಎಂಬ ಅರ್ಥವಿಲ್ಲ. ಎಐ ಚಾಟ್‌ಬಾಟ್ ಕೇಳುವವರಿಗೂ ಇದೇ ಮಾತು. ಲಿವರ್ ಕ್ಯಾನ್ಸರ್ ಎಂದು ಕೇಳಿದರೆ ಅದು ಲಿವರ್ ಕ್ಯಾನ್ಸರಿಗೇ ಚೆಂದವಾಗಿ ಉತ್ತರ ಕೊಡುತ್ತದೆ. ರಿಪೋರ್ಟ್ ಹಾಕುವುದಿದ್ದರೆ ಹೆಸರು, ಆಸ್ಪತ್ರೆಯ ನಂಬರ್ ಅಳಿಸಿ ಹಾಕಿ.

ಐದು ವರ್ಷ ಬದುಕುಳಿದವರ ಶೇಕಡಾವಾರು ಲೆಕ್ಕವನ್ನು ಮಗಳು ಬಾಯಿಪಾಠ ಮಾಡಿದ್ದರು, ಅದೂ ಬೇರೆ ರೋಗದ್ದು. ಸರಿಯಾದ ರೋಗದ ಅಂಕಿಯೂ ವರ್ಷಗಳ ಹಿಂದೆ ರೋಗ ಪತ್ತೆಯಾದವರನ್ನು ಎಣಿಸಿ ಬಂದದ್ದು, ಆಮೇಲೆ ಬಂದ ಚಿಕಿತ್ಸೆ ಅದರಲ್ಲಿ ಪೂರ್ತಿ ಸೇರಿರುವುದಿಲ್ಲ. ಹಾಗೆಂದು ಆಕೆಗೆ ಸುಳ್ಳು ಭರವಸೆ ಕೊಡಲಿಲ್ಲ, ನಾಲ್ಕನೇ ಹಂತ ನಾಲ್ಕನೇ ಹಂತವೇ. ಆದರೆ ಕರುಳಿನಿಂದ ಲಿವರಿಗೆ ಬಂದ ಗಡ್ಡೆಗಳನ್ನು ಕೆಲವರಲ್ಲಿ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ಅಂಥವರಲ್ಲಿ ಕೆಲವರು ದೀರ್ಘಕಾಲ ಬದುಕುತ್ತಾರೆ. ‘ಅಪ್ಪನಿಗೆ ಅದು ಸಾಧ್ಯವಾ, ಲಿವರ್ ಸರ್ಜನ್ ಸ್ಕ್ಯಾನ್ ನೋಡಿದ್ದಾರಾ?’ ಎಂಬ ಪ್ರಶ್ನೆಯನ್ನು ಐದು ವಾರದಲ್ಲಿ ಯಾರೂ ಕೇಳಿರಲಿಲ್ಲ. ಎರಡನೇ ಅಭಿಪ್ರಾಯ ಬೇಕೆಂದು ಹಟ ಹಿಡಿದಿದ್ದ ಮಗಳಿಗೆ, ಬೇಡ ಎನ್ನದೆ, ಈ ಪ್ರಶ್ನೆ ಇಟ್ಟುಕೊಂಡು ಹೋಗಿ ಎಂದೆ. ಹೋಗುವಾಗ ರಿಪೋರ್ಟಿನ ಪ್ರತಿಯಷ್ಟೇ ಸಾಲದು, ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು), ಸ್ಕ್ಯಾನಿನ ಸಿಡಿ ಬೇಕು. ಅವಿಲ್ಲದೆ ಹೋದವರು ಅದೇ ಪರೀಕ್ಷೆ ಮತ್ತೆ ಮಾಡಿಸಿಕೊಂಡು ವಾರಗಟ್ಟಲೆ ಕಳೆಯುತ್ತಾರೆ.

ಗುಂಪು ಬಿಡಿ ಎನ್ನಲಿಲ್ಲ, ಬದಲಾಯಿಸಿ ಎಂದೆ. ಒಂದೇ ರೋಗ, ಹತ್ತಿರದ ಹಂತ ಇರುವವರ ಗುಂಪು ಬೇಕು. ಸೇರುವ ಮೊದಲು ನಡೆಸುವವರನ್ನು ಕೇಳಿ: ಹಣ ಎಲ್ಲಿಂದ ಬರುತ್ತದೆ, ಯಾರಾದರೂ ಔಷಧಿ ಸೂಚಿಸಿದರೆ ಏನು ಮಾಡುತ್ತೀರಿ, ಸಾವಿನ ಸುದ್ದಿಯನ್ನು ಹೇಗೆ ತಿಳಿಸುತ್ತೀರಿ? ಎರಡನೆಯದಕ್ಕೆ ತಡವರಿಸಿದರೆ ಸೇರಬೇಡಿ. ಆರೈಕೆ ಮಾಡುವವರ ಗುಂಪು ರೋಗಿಗಳ ಗುಂಪಿನಿಂದ ಬೇರೆಯೇ ಇದ್ದರೆ ಮೇಲು, ‘ನನಗೆ ಸಾಕಾಗಿದೆ’ ಎಂದು ಹೇಳುವ ಜಾಗ ಅವರಿಗೂ ಬೇಕು.

ಉಪಶಮನ ಆರೈಕೆಯ ತಂಡದ ಹೆಸರೆತ್ತಿದಾಗ ಮಗಳು, ‘ಅದು ಕೊನೆಯವರಿಗಲ್ಲವಾ?’ ಎಂದರು. ನೋವು, ಬಾಯಿಹುಣ್ಣು, ನಿದ್ದೆಗೇಡು ನೋಡುವವರು ಅವರು, ಕೀಮೋ ನಡೆಯುವಾಗಲೇ ನೋಡುತ್ತಾರೆ. ತಂದೆ ಮರುವಾರವೇ ಹೋದರು.

ಡಾಕ್ಟರ ಭೇಟಿಗೆ ಮುಂಚೆ ಇಬ್ಬರೂ ಹಾಳೆ ತಂದು ತೋರಿಸಿದರು. ಆರು ಸಾಲು ಮಗಳ ಅಕ್ಷರದಲ್ಲಿತ್ತು. ಅಂಚಿನಲ್ಲಿ ತಂದೆ ತಾವೇ ಒಂದು ಸೇರಿಸಿದ್ದರು: ‘ಇದು ಮಗಳಿಗೂ ಬರುತ್ತದಾ?’ ಎಂಎಂಆರ್ ಪರೀಕ್ಷೆ ಮಾಡಿಸುವ ಕಾರಣಗಳಲ್ಲಿ ಅದೂ ಒಂದು, ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ವಂಶದಲ್ಲಿ ಇಳಿಯುವ ಲಿಂಚ್ ಸಿಂಡ್ರೋಮಿನ ಸುಳಿವು ಅದರಲ್ಲಿ ಸಿಗಬಹುದು. ಅದು ಇಲ್ಲವೆಂದಾದರೂ, ತಂದೆ ತಾಯಿಗೆ 60ರೊಳಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಕ್ಕಳು 40ನೇ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ (ಕೊಳವೆ ಹಾಕಿ ಕರುಳಿನೊಳಗೆ ನೋಡುವ ಪರೀಕ್ಷೆ) ಶುರು ಮಾಡಬೇಕೆಂದು ಹಲವು ಮಾರ್ಗಸೂಚಿಗಳು ಹೇಳುತ್ತವೆ. ಮಗಳ ಹಳದಿ ಗೆರೆಯ ಹಾಳೆಗಳಲ್ಲಿ ಇದು ಎಲ್ಲೂ ಇರಲಿಲ್ಲ. ಎಂಎಂಆರ್ ಪರೀಕ್ಷೆಯ ಫಲಿತಾಂಶ ಬರುವುದಕ್ಕೆ ಇನ್ನೂ ಹತ್ತು ದಿನವಿತ್ತು, ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಟವರು ತಂದೆ.